ಬಹುವಾಹಿನಿ ಡಿಜಿಟಲ್-ಅನಲಾಗ್ ಪರಿವರ್ತಕ

ಬಹುವಾಹಿನಿ ಡಿಜಿಟಲ್-ಅನಲಾಗ್ ಪರಿವರ್ತಕವು ಅಂಕಿಗಳ ರೂಪದಲ್ಲಿ ಸಂಗ್ರಹಗೊಂಡಿರುವ ಹಲವು ಧ್ವನಿವಾಹಿನಿಗಳನ್ನು, ಅಂದರೆ ಚಾನೆಲ್‌ಗಳನ್ನು, ಏಕಕಾಲಕ್ಕೆ ವಿದ್ಯುತ್ ಸಂಕೇತಗಳನ್ನಾಗಿ ಮಾರ್ಪಡಿಸುವ ಸಾಧನವಾಗಿದೆ. ಧ್ವನಿಮುದ್ರಣ ಸ್ಟುಡಿಯೋಗಳಲ್ಲಿ ಇದನ್ನು ಸಂಕ್ಷಿಪ್ತವಾಗಿ ‘ಡ್ಯಾಕ್’ ಎನ್ನುತ್ತಾರೆ. ಮನೆಯಲ್ಲಿ ಸಂಗೀತ ಕೇಳಲು ಬಳಸುವ ಡ್ಯಾಕ್‌ನಲ್ಲಿ ಎಡ ಮತ್ತು ಬಲ ಎಂಬ ಎರಡೇ ವಾಹಿನಿಗಳಿದ್ದರೆ, ವೃತ್ತಿಪರ ಸಾಧನಗಳಲ್ಲಿ ಸಾಮಾನ್ಯವಾಗಿ 8, 16 ಅಥವಾ 32 ವಾಹಿನಿಗಳಿರುತ್ತವೆ. ಅವೆಲ್ಲವೂ ಒಂದೇ ಕಾಲಮಾನದಲ್ಲಿ, ಒಂದೇ ಮಟ್ಟದಲ್ಲಿ ಹೊರಬರಬೇಕು. ಸ್ಟುಡಿಯೋ ಬಳಕೆಯ ಬಹುತೇಕ ಕಷ್ಟಗಳು ಈ ಎರಡು ಅಗತ್ಯಗಳಿಂದಲೇ ಹುಟ್ಟುತ್ತವೆ.

ಕಾರ್ಯವಿಧಾನ

ಡಿಜಿಟಲ್ ಧ್ವನಿಯು ಸೆಕೆಂಡಿಗೆ ಸಾವಿರಾರು ಬಾರಿ ಅಳೆದಿಟ್ಟ ಮಾದರಿಗಳ ಸರಣಿ. ಸಿ.ಡಿ.ಯಲ್ಲಿ ಈ ಪ್ರಮಾಣ ಸೆಕೆಂಡಿಗೆ 44,100. ಚಲನಚಿತ್ರ ಮತ್ತು ದೂರದರ್ಶನದ ಕೆಲಸದಲ್ಲಿ 48,000. ಇಂದಿನ ಬಹುತೇಕ ಪರಿವರ್ತಕಗಳು ಡೆಲ್ಟಾ-ಸಿಗ್ಮಾ ವಿಧಾನವನ್ನು ಅನುಸರಿಸುತ್ತವೆ. ಮಾದರಿಗಳ ದರವನ್ನು ಹಲವು ಪಟ್ಟು ಹೆಚ್ಚಿಸಿ, ಅದರಿಂದಾಗುವ ಗದ್ದಲವನ್ನು ಕಿವಿಗೆ ಕೇಳಿಸದ ಎತ್ತರದ ಆವೃತ್ತಿಗಳಿಗೆ ತಳ್ಳಿ, ಶೋಧಕದಿಂದ ಅದನ್ನು ತೆಗೆದುಹಾಕುವುದು ಇದರ ತಿರುಳು. 24 ಬಿಟ್ ಧ್ವನಿಗೆ ಸೈದ್ಧಾಂತಿಕವಾಗಿ ಸುಮಾರು 144 ಡೆಸಿಬೆಲ್ ವ್ಯಾಪ್ತಿಯಿದೆಯಾದರೂ, ಅನಲಾಗ್ ಮಂಡಲದ ಉಷ್ಣ ಗದ್ದಲದ ದೆಸೆಯಿಂದ ಉತ್ತಮ ಸಾಧನಗಳು ಕೂಡ 120 ಡೆಸಿಬೆಲ್‌ನ ಆಸುಪಾಸಿನಲ್ಲಿ ನಿಲ್ಲುತ್ತವೆ. ಕೊಳ್ಳುವವರ ಗಮನ ಈ ಅಂಕಿಯ ಮೇಲೆಯೇ ಇರುತ್ತದೆ. ಆದರೆ ಸಾಧನವನ್ನು ತಪ್ಪಾಗಿ ಹೊಂದಿಸಿದರೆ ಇದಕ್ಕಿಂತ ಹೆಚ್ಚಿನ ಹಾನಿಯಾಗುತ್ತದೆ.

ಸಂಕೇತದ ಮಟ್ಟ

ಡಿಜಿಟಲ್ ಮಟ್ಟದ ಗರಿಷ್ಠ ಬಿಂದುವನ್ನು 0 ಡಿಬಿಎಫ್‌ಎಸ್ ಎನ್ನುತ್ತಾರೆ. ಆ ಬಿಂದುವಿಗೆ ಎಷ್ಟು ವೋಲ್ಟ್ ಹೊರಬರಬೇಕೆಂಬುದು ರೂಢಿಯನ್ನು ಅವಲಂಬಿಸಿದೆ. ಯುರೋಪಿನ ಪ್ರಸಾರ ಒಕ್ಕೂಟದ ಪದ್ಧತಿಯಲ್ಲಿ ಅದು +18 ಡಿಬಿಯು, ಅಮೆರಿಕದ ಚಲನಚಿತ್ರ ಮತ್ತು ದೂರದರ್ಶನ ಎಂಜಿನಿಯರುಗಳ ಪದ್ಧತಿಯಲ್ಲಿ +24 ಡಿಬಿಯು. ಇವೆರಡರ ನಡುವಿನ 6 ಡೆಸಿಬೆಲ್ ಅಂತರವೆಂದರೆ ವೋಲ್ಟೇಜ್ ಸುಮಾರು ಇಮ್ಮಡಿ. ಅನೇಕ ಸಾಧನಗಳಲ್ಲಿ ಎರಡನ್ನೂ ಆಯ್ದುಕೊಳ್ಳುವ ಸ್ವಿಚ್ ಇರುತ್ತದೆ.

ಡಾಲ್ಬಿ ಅಟ್ಮಾಸ್ ಕೆಲಸದಲ್ಲಿ ಬಳಕೆಯಲ್ಲಿರುವ 7.1.4 ವಿನ್ಯಾಸಕ್ಕೆ 12 ವಾಹಿನಿಗಳು ಬೇಕು. 8 ವಾಹಿನಿಗಳ ಎರಡು ಸಾಧನಗಳನ್ನು ಜೋಡಿಸಿದ ಸ್ಟುಡಿಯೋ ಒಂದನ್ನು ಊಹಿಸಿಕೊಳ್ಳಬಹುದು. ನೆಲಮಟ್ಟದ 8 ವಾಹಿನಿಗಳು ಮೊದಲನೆಯದರಿಂದಲೂ, ಛಾವಣಿಯ 4 ವಾಹಿನಿಗಳು ಎರಡನೆಯದರಿಂದಲೂ ಬರುತ್ತಿವೆ. ಎರಡನೆಯದರ ಸ್ವಿಚ್ +24ಕ್ಕೂ ಮೊದಲನೆಯದರದು +18ಕ್ಕೂ ಇದ್ದರೆ, ಮೇಲಿನ ಸ್ಪೀಕರುಗಳು 6 ಡೆಸಿಬೆಲ್ ಜೋರಾಗಿ ನುಡಿಯುತ್ತವೆ. ಧ್ವನಿಮಿಶ್ರಣ ಮಾಡುವವರು ತಮ್ಮ ಕಿವಿಯನ್ನು ನಂಬಿ ಆ ವಾಹಿನಿಗಳನ್ನು ತಗ್ಗಿಸುತ್ತಾರೆ. ಸ್ಟುಡಿಯೋದಲ್ಲಿ ಎಲ್ಲವೂ ಸರಿಯಾಗಿಯೇ ಕೇಳಿಸುತ್ತದೆ. ಚಿತ್ರಮಂದಿರದಲ್ಲಿ ಮಾತ್ರ ಮಳೆ, ಗುಡುಗು, ಹಾರುವ ಹಕ್ಕಿಗಳ ಸದ್ದು ಕ್ಷೀಣವಾಗಿರುತ್ತದೆ. ಆಲಿಸುವ ಮಾರ್ಗದಲ್ಲಿರುವ ಪರಿವರ್ತಕದ ದೋಷವು ಕೃತಿಯಲ್ಲಿ ನೇರವಾಗಿ ದಾಖಲಾಗದೆ, ಹೀಗೆ ತಲೆಕೆಳಗಾಗಿ ಉಳಿದುಬಿಡುತ್ತದೆ.

ಮಂದ್ರ ಧ್ವನಿಗೆ ಮೀಸಲಾದ ‘.1’ ವಾಹಿನಿಯಲ್ಲಿಯೂ ಇಂತಹ ಅಪಾಯವಿದೆ. ಅದರ ಮಟ್ಟವನ್ನು ಆಲಿಸುವ ವ್ಯವಸ್ಥೆಯಲ್ಲಿ 10 ಡೆಸಿಬೆಲ್ ಹೆಚ್ಚಿಸಬೇಕೆಂಬುದು ನಿಯಮ. ಪರಿವರ್ತಕ ಮತ್ತು ಸಬ್‌ವೂಫರ್ ಎರಡರಲ್ಲಿಯೂ ಹೆಚ್ಚಿಸಿದರೆ ಅದು 20 ಆಗುತ್ತದೆ, ಎರಡರಲ್ಲಿಯೂ ಬಿಟ್ಟರೆ ಶೂನ್ಯ.

ಪರೀಕ್ಷೆ ಸರಳವಾದುದು. ಕಂಪ್ಯೂಟರಿನಿಂದ -20 ಡಿಬಿಎಫ್‌ಎಸ್ ಮಟ್ಟದ ಸೈನ್ ಅಲೆಯನ್ನು ಕಳುಹಿಸಿ, ಪ್ರತಿ ವಾಹಿನಿಯ ಸಮತೋಲಿತ ನಿರ್ಗಮದ 2 ಮತ್ತು 3ನೆಯ ಪಿನ್‌ಗಳ ನಡುವೆ ಎ.ಸಿ. ವೋಲ್ಟೇಜನ್ನು ಅಳೆಯಬೇಕು. +24 ಹೊಂದಿಕೆಯಲ್ಲಿ ಅದು 1.23 ವೋಲ್ಟ್, +18ರಲ್ಲಿ ಸುಮಾರು 0.62 ವೋಲ್ಟ್. ಅಗ್ಗದ ಮಲ್ಟಿಮೀಟರುಗಳು ಹೆಚ್ಚಿನ ಆವೃತ್ತಿಯಲ್ಲಿ ನಿಖರವಲ್ಲವಾದ್ದರಿಂದ 1 ಕಿಲೋಹರ್ಟ್ಜ್‌ಗೆ ಬದಲು 100 ಹರ್ಟ್ಜ್ ಬಳಸುವುದು ಲೇಸು. ಈ ಪರೀಕ್ಷೆಯ ಅವಧಿಯಲ್ಲಿ ಆಂಪ್ಲಿಫೈಯರುಗಳನ್ನು ಆರಿಸಿರಬೇಕು.

ಗಡಿಯಾರ

ಮಾದರಿಗಳನ್ನು ಯಾವ ಕ್ಷಣದಲ್ಲಿ ಹೊರಹಾಕಬೇಕೆಂದು ನಿರ್ಧರಿಸುವ ಸ್ಪಂದನಕ್ಕೆ ವರ್ಡ್ ಕ್ಲಾಕ್ ಎಂದು ಹೆಸರು. ಡಿಜಿಟಲ್ ರೂಪದಲ್ಲಿ ಪರಸ್ಪರ ಜೋಡಿಸಿದ ಸಾಧನಗಳಲ್ಲಿ ಒಂದು ಮಾತ್ರ ಯಜಮಾನನಾಗಿ, ಉಳಿದವು ಅದನ್ನು ಹಿಂಬಾಲಿಸಬೇಕು. ಎರಡು ಸಾಧನಗಳು ತಮ್ಮ ತಮ್ಮ ಗಡಿಯಾರದಲ್ಲಿ ಓಡಿದರೆ ಆಗಾಗ ‘ಟಿಕ್’ ಎಂಬ ಸದ್ದು ಕೇಳಿಸುತ್ತದೆ. ಈ ಸ್ಪಂದನವನ್ನು 75 ಓಮ್‌ನ ಬಿಎನ್‌ಸಿ ತಂತಿಯ ಮೂಲಕ ಕಳುಹಿಸಿ, ಸಾಲಿನ ಕೊನೆಯ ಸಾಧನದಲ್ಲಿ 75 ಓಮ್ ರೋಧಕದಿಂದ ಮುಗಿಸಲಾಗುತ್ತದೆ. 44.1 ಕಿಲೋಹರ್ಟ್ಜ್‌ನ ಕಡತವು 48ರ ಗಡಿಯಾರದಲ್ಲಿ ಓಡಿದರೆ ವೇಗ ಸುಮಾರು ಶೇ. 9ರಷ್ಟು ಹೆಚ್ಚಿ, ಗಾಯಕರ ಶ್ರುತಿ ಹೆಚ್ಚುಕಡಿಮೆ ಒಂದೂವರೆ ಅರ್ಧಸ್ವರ ಏರುತ್ತದೆ. ಹೊರಗಿನ ದುಬಾರಿ ಗಡಿಯಾರವು ಧ್ವನಿಯ ಗುಣವನ್ನು ಉತ್ತಮಪಡಿಸುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಒಂದೇ ಸಾಧನವಿರುವಲ್ಲಿ ಅದರೊಳಗಿನ ಸ್ಫಟಿಕವೇ ಸಾಮಾನ್ಯವಾಗಿ ಹೆಚ್ಚು ಸ್ಥಿರ. ಹೊರಗಿನ ಗಡಿಯಾರದ ನಿಜವಾದ ಪ್ರಯೋಜನವಿರುವುದು ಹಲವು ಸಾಧನಗಳನ್ನು ಏಕತಾಳಕ್ಕೆ ತರುವುದರಲ್ಲಿ.

ಕಂಪ್ರೆಸರ್‌ನಂತಹ ಅನಲಾಗ್ ಉಪಕರಣಕ್ಕೆ ಧ್ವನಿಯನ್ನು ಕಳುಹಿಸಿ ಮರಳಿ ಪಡೆಯುವಾಗ ಕೆಲವು ಮಿಲಿಸೆಕೆಂಡುಗಳ ವಿಳಂಬವಾಗುತ್ತದೆ. ಹಾಗೆ ಮರಳಿದ ಧ್ವನಿಯನ್ನು ಮೂಲದೊಂದಿಗೆ ಸಮಪ್ರಮಾಣದಲ್ಲಿ ಬೆರೆಸಿದಾಗ ವಿಳಂಬವು 1 ಮಿಲಿಸೆಕೆಂಡ್ ಆಗಿದ್ದರೂ 500, 1500, 2500 ಹರ್ಟ್ಜ್‌ಗಳಲ್ಲಿ ಧ್ವನಿ ಅಳಿಸಿಹೋಗುತ್ತದೆ. ಆದ್ದರಿಂದ ವಿಳಂಬವನ್ನು ಅಳೆದು ತಂತ್ರಾಂಶದಲ್ಲಿ ಸರಿದೂಗಿಸುವುದು ಅವಶ್ಯಕ.

ಜೋಡಣೆ

ಕಂಪ್ಯೂಟರಿನಿಂದ ಪರಿವರ್ತಕಕ್ಕೆ ಸಂಕೇತವನ್ನು ಒಯ್ಯಲು ಹಲವು ಮಾರ್ಗಗಳಿವೆ. ಅಲೆಸಿಸ್ ಸಂಸ್ಥೆಯ ಅಡಾಟ್ ದ್ಯುತಿತಂತು 48 ಕಿಲೋಹರ್ಟ್ಜ್‌ನಲ್ಲಿ 8 ವಾಹಿನಿಗಳನ್ನು ಒಯ್ಯುತ್ತದೆ, 96ರಲ್ಲಿ ಅದು 4ಕ್ಕೆ ಇಳಿಯುತ್ತದೆ. ಮಾಡಿ ತಂತಿಯಲ್ಲಿ 64 ವಾಹಿನಿಗಳು ಸಾಗಬಲ್ಲವು. ಈಚೆಗೆ ಆಸ್ಟ್ರೇಲಿಯಾದ ಆಡಿನೇಟ್ ಸಂಸ್ಥೆಯ ಡಾಂಟೆ ಜಾಲವು ಸಾಮಾನ್ಯ ಈಥರ್ನೆಟ್ ತಂತಿಯನ್ನೇ ಬಳಸಿಕೊಳ್ಳುತ್ತದೆ.

ಅನಲಾಗ್ ನಿರ್ಗಮಕ್ಕೆ 25 ಪಿನ್‌ಗಳ ಡಿ-ಸಬ್ ಕನೆಕ್ಟರ್ ರೂಢಿಯಲ್ಲಿದೆ. ವಾಹಿನಿಗೆ 3 ಪಿನ್‌ಗಳಂತೆ 8 ವಾಹಿನಿಗಳಿಗೆ 24 ಬಳಕೆಯಾಗಿ, ಒಂದು ಖಾಲಿ ಉಳಿಯುತ್ತದೆ. ಟಾಸ್ಕ್ಯಾಮ್ ಸಂಸ್ಥೆಯ ಪಿನ್ ಕ್ರಮವೇ ಮುಂದೆ ಎಇಎಸ್59 ಎಂಬ ಮಾನಕವಾಯಿತು. ಇದೇ ಕನೆಕ್ಟರನ್ನು ಬೇರೆ ಪಿನ್ ಕ್ರಮದಲ್ಲಿ ಬಳಸುವ ಸಾಧನಗಳೂ ಇರುವುದರಿಂದ ಹೊರನೋಟಕ್ಕೆ ಹೊಂದುವ ತಂತಿಯೆಲ್ಲವೂ ಸರಿಯಾದ ತಂತಿಯಲ್ಲ.

ಸುರಕ್ಷತೆ

ಸ್ಪೀಕರಿನಲ್ಲಿ 50 ಹರ್ಟ್ಜ್‌ನ ಗುಂಯ್ಗುಡುವಿಕೆ ಕೇಳಿಸಿದರೆ ಕೆಲವರು ವಿದ್ಯುತ್ ಪ್ಲಗ್‌ನ ಭೂಸಂಪರ್ಕವನ್ನೇ ಕಡಿದುಹಾಕುತ್ತಾರೆ. ಸಾಧನದೊಳಗೆ ತಂತಿ ಸಡಿಲಗೊಂಡು ಹೊರಕವಚಕ್ಕೆ ತಗುಲಿದರೆ ಅದನ್ನು ಮುಟ್ಟಿದವರ ಪ್ರಾಣಕ್ಕೆ ಅಪಾಯ. ಸಮತೋಲಿತ ತಂತಿಗಳ ಬಳಕೆ, ಎಲ್ಲ ಸಾಧನಗಳಿಗೂ ಒಂದೇ ಕಡೆಯಿಂದ ವಿದ್ಯುತ್ ಪೂರೈಕೆ, ಅಗತ್ಯವಿದ್ದರೆ ಸಂಕೇತದ ಮಾರ್ಗದಲ್ಲಿ ಪ್ರತ್ಯೇಕಿಸುವ ಟ್ರಾನ್ಸ್‌ಫಾರ್ಮರ್, ಇವು ಸರಿಯಾದ ಪರಿಹಾರಗಳು.

ಪರಿವರ್ತಕವು ಚಾಲೂ ಆಗುವಾಗ ಅಥವಾ ಗಡಿಯಾರದ ಹಿಡಿತ ತಪ್ಪಿದಾಗ ಕೆಲವೊಮ್ಮೆ ಪೂರ್ಣ ಮಟ್ಟದ ಗದ್ದಲ ಹೊರಬೀಳುತ್ತದೆ. ಅದು ಸ್ಪೀಕರನ್ನೂ ಶ್ರವಣಶಕ್ತಿಯನ್ನೂ ಕೆಡಿಸಬಲ್ಲದು. ಈ ಕಾರಣದಿಂದ ಪರಿವರ್ತಕಕ್ಕೂ ಆಂಪ್ಲಿಫೈಯರಿಗೂ ನಡುವೆ ಕೈಗೆಟುಕುವಂತೆ ಅನಲಾಗ್ ಧ್ವನಿನಿಯಂತ್ರಕವೊಂದನ್ನು ಇಡುತ್ತಾರೆ. ಚಾಲೂ ಮಾಡುವಾಗ ಪರಿವರ್ತಕ ಮೊದಲು, ಆಂಪ್ಲಿಫೈಯರ್ ಕೊನೆಗೆ. ಆರಿಸುವಾಗ ಇದರ ವಿಲೋಮ ಕ್ರಮ.