ನೆತ್ತಿ

ಅನ್ನದ ಅಗುಳು ದಾರಿ ತಪ್ಪಿ ಕೆಮ್ಮು ಬಂದರೆ ‘ನೆತ್ತಿಗೆ ಹತ್ತಿತು’ ಎನ್ನುತ್ತೇವೆ. ಅಗುಳು ಹೋದದ್ದು ಶ್ವಾಸನಾಳದ ಬಾಯಿಗೆ, ಅಮ್ಮ ತಟ್ಟುವುದು ನೆತ್ತಿಗೆ. ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎಂಬ ಮಾತೂ ಜೊತೆಗೇ ಬರುತ್ತದೆ. ಪಿತ್ತ ನೆತ್ತಿಗೇರುತ್ತದೆ, ಸೊಕ್ಕಿದವನ ಕಣ್ಣು ನೆತ್ತಿಗೇರುತ್ತದೆ, ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬಂದು ನಿಲ್ಲುತ್ತಾನೆ. ಅಲ್ಲೊಂದು ಬಾಗಿಲಿದೆ ಎಂದು ನಮ್ಮ ಮಾತು ನಂಬಿದಂತಿದೆ. ಹುಟ್ಟುವಾಗ ಅದು ಇರುವುದೂ ನಿಜ.

ನವಜಾತ ಶಿಶುವಿನ ತಲೆಬುರುಡೆಯಲ್ಲಿ ಮೂಳೆ ಕೂಡದ ಇಂಥ ಎಡೆಗಳು ಆರು. ಹಿಂಭಾಗದ ಚಿಕ್ಕ ತ್ರಿಕೋನ 2–3 ತಿಂಗಳಲ್ಲೇ ಮುಚ್ಚಿಕೊಳ್ಳುತ್ತದೆ. ನಾವು ನೆತ್ತಿ ಎಂದು ಜೋಪಾನ ಮಾಡುವುದು ಮುಂದಿನದನ್ನು. ಹಣೆಯ ಎರಡು ಮೂಳೆಗಳೂ ಅವುಗಳ ಹಿಂದಿನ ಎರಡು ಮೂಳೆಗಳೂ ಎದುರಾಗುವಲ್ಲಿ, ವಜ್ರದಾಕಾರದ ಮೆತ್ತನೆಯ ಜಾಗವದು. ಹೆರಿಗೆಯ ಇಕ್ಕಟ್ಟಿನಲ್ಲಿ ಮೂಳೆಗಳು ಒಂದರ ಮೇಲೊಂದು ಸರಿದು ತಲೆ ಹೊರಬರಲು ಈ ಎಡೆಗಳೇ ಆಸರೆ. ಆಮೇಲೆ ಮಿದುಳು ಬೆಳೆಯಲೂ ಜಾಗ ಬೇಕು. ಹೆಚ್ಚಿನ ಮಕ್ಕಳಲ್ಲಿ ಒಂದೂವರೆ ವರ್ಷದ ಹೊತ್ತಿಗೆ, ಕೆಲವರಲ್ಲಿ 2 ವರ್ಷಕ್ಕೆ ನೆತ್ತಿ ಕೂಡುತ್ತದೆ. ಅಲ್ಲಿಯವರೆಗೆ ಬೆರಳಿಟ್ಟರೆ ಮಿಡಿತ ತಿಳಿಯುತ್ತದೆ. ವೈದ್ಯರು ಬಳಸುವ ‘ಫಾಂಟನೆಲ್’ ಎಂಬ ಫ್ರೆಂಚ್ ಮೂಲದ ಪದಕ್ಕೆ ಪುಟ್ಟ ಚಿಲುಮೆ ಎಂಬ ಅರ್ಥವಿದೆ.

ಐತರೇಯ ಉಪನಿಷತ್ತಿನಲ್ಲಿ ಆತ್ಮ ಬೈತಲೆಯ ಗೆರೆಯನ್ನೇ ಸೀಳಿಕೊಂಡು ದೇಹದೊಳಗೆ ಬರುತ್ತದೆ. ಆ ಬಾಗಿಲಿನ ಹೆಸರು ವಿದೃತಿ. ಯೋಗದವರಿಗೆ ಅದು ಬ್ರಹ್ಮರಂಧ್ರ. ಇವು ಗಂಭೀರ ಹೆಸರುಗಳು, ಆದರೂ ನನ್ನ ಪ್ರೀತಿ ನೆತ್ತಿಯ ಮೇಲೇ. ಬಾಗಿಲು ಮುಚ್ಚಿ ಎಪ್ಪತ್ತು ವರ್ಷವಾದ ಅಜ್ಜನಿಗೂ ಎಣ್ಣೆ ಬೀಳುವುದು ನೆತ್ತಿಗೇ.

ಎಣ್ಣೆಯ ವಿಷಯದಲ್ಲಿ ಒಂದು ಕಳವಳವಿದೆ. ಭೇದಿಯಾದ ಕೂಸಿನ ನೆತ್ತಿ ಗುಳಿಬಿದ್ದಾಗ ಹರಳೆಣ್ಣೆ ತುಂಬಿಸಿ ಮೇಲೆತ್ತಲು ನೋಡುವವರಿದ್ದಾರೆ. ಗುಳಿ ಬಿದ್ದದ್ದು ಮೈಯ ನೀರು ಬತ್ತಿದ್ದರಿಂದ; ಹೊರಗಿನ ಎಣ್ಣೆ ಅದನ್ನು ತುಂಬಲಾರದು. ಎದೆಹಾಲು ನಿಲ್ಲಿಸದೆ, ಓಆರ್‌ಎಸ್ ಕುಡಿಸುತ್ತ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಜ್ವರದ ಜೊತೆ ನೆತ್ತಿ ಉಬ್ಬಿ ಬಿಗಿದಿದ್ದರೂ ಅಷ್ಟೇ ಅವಸರ, ಮಿದುಳಿನ ಪೊರೆಗೆ ಸೋಂಕು ತಗುಲಿರಬಹುದು. ಅಳುವಾಗ ಮಾತ್ರ ಯಾವ ಮಗುವಿನ ನೆತ್ತಿಯೂ ಉಬ್ಬುತ್ತದೆ. ಅದಕ್ಕೇ ಮಗುವನ್ನು ಸಮಾಧಾನ ಮಾಡಿ, ನೆಟ್ಟಗೆ ಕೂರಿಸಿಕೊಂಡು ಮುಟ್ಟಿ ನೋಡಬೇಕು.