ಘಟ್ಟವನ್ನೇರಿದ ಸಿದ್ದಿಗಳು

ದಾಸರನ್ನು ಗುಪ್ತಮಾರ್ಗಗಳಿಂದ ಪಾರುಗಾಣಿಸಿದವರೆಂದರೆ ಅಮೆರಿಕದ ಹ್ಯಾರಿಯೆಟ್ ಟಬ್‌ಮನ್ ಎಂಬ ವೀರನಾರಿಯ ಹೆಸರು ನೆನಪಿಗೆ ಬರುವುದು. 1849ರಲ್ಲಿ ತಾನು ತಪ್ಪಿಸಿಕೊಂಡ ಆಕೆ, ಮುಂದೆ ಸುಮಾರು 13 ಸಲ ಹಿಂದಿರುಗಿ 70ರಷ್ಟು ಮಂದಿಯನ್ನು ಕರೆತಂದಳು. ನಮ್ಮ ಸಹ್ಯಾದ್ರಿಯೂ ಇಂತಹ ಪಯಣಗಳನ್ನು ಕಂಡಿರುವುದು ಶ್ರೋತೃಗಳಲ್ಲಿ ಎಷ್ಟು ಮಂದಿಗೆ ವಿದಿತವೋ!

1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಪೂರ್ವ ಆಫ್ರಿಕದ ಜನರನ್ನು, ವಿಶೇಷವಾಗಿ ಮೊಸಾಂಬಿಕಿನವರನ್ನು, ಹಡಗುಗಳಲ್ಲಿ ತಂದು ಮಾರುತ್ತಿದ್ದರು. ಅವರಲ್ಲಿ ಅನೇಕರು ಒಡೆಯರ ಕಣ್ಣು ತಪ್ಪಿಸಿ, ಘಟ್ಟವನ್ನೇರಿ, ಹಳಿಯಾಳ ಯಲ್ಲಾಪುರಗಳ ದಟ್ಟಡವಿಯನ್ನು ಹೊಕ್ಕರು. ಮಳೆಗಾಲದಲ್ಲಿ ಆ ಘಟ್ಟವನ್ನು ಕಂಡವರಿಗೆ ಈ ಸಾಹಸದ ಬೆಲೆ ತಿಳಿದೀತು. ಸಿದ್ದಿಗಳೆಲ್ಲರೂ ಓಡಿಬಂದವರ ಸಂತತಿಯೆಂದು ಮಾತ್ರ ಹೇಳಲಾಗದು. ಬಿಡುಗಡೆ ಹೊಂದಿ ಬಂದವರೂ ಉಂಟು.

ಬ್ರಿಟಿಷ್ ಇಂಡಿಯಾದಲ್ಲಿ 1843ರ ಐದನೆಯ ಶಾಸನವು ದಾಸ್ಯಕ್ಕೆ ನ್ಯಾಯಸ್ಥಾನಗಳಲ್ಲಿದ್ದ ಮಾನ್ಯತೆಯನ್ನು ತೆಗೆದುಹಾಕಿತು. ಪೋರ್ಚುಗಲ್ ತನ್ನ ಸೀಮೆಗಳಲ್ಲಿ ದಾಸ್ಯವನ್ನು ರದ್ದುಮಾಡಿದುದಾದರೋ 1869ರಲ್ಲಿ. ನಡುವಣ 26 ವರ್ಷ, ಘಟ್ಟದ ಆಚೆ ಒಡೆಯನ ಸೊತ್ತಾಗಿದ್ದವನು ಈಚೆ ಕಾಲಿಟ್ಟರೆ ಕಾಯಿದೆಯ ಕಣ್ಣಿನಲ್ಲಿ ಮನುಷ್ಯನು!

ಇಂದು ಸಿದ್ದಿಗಳಲ್ಲಿ ಹಿಂದೂಗಳೂ ಕ್ರೈಸ್ತರೂ ಮುಸಲ್ಮಾನರೂ ಇರುವರು. ಮನೆಮಾತು ಕೊಂಕಣಿ, ವ್ಯವಹಾರಕ್ಕೆ ಕನ್ನಡ. ಗತಿಸಿದ ಪೂರ್ವಜರನ್ನು ಅವರು ‘ಹಿರಿಯರು’ ಎಂದು ಪೂಜಿಸುವರು. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡವೆಂದು ಸರ್ಕಾರವು ಗಣಿಸಿದುದು 2003ರಲ್ಲಿ.