ಫಾಂಟ್ ಇಲ್ಲದ ಗಣಕದಲ್ಲಿ ಕನ್ನಡ

ಇಪ್ಪತ್ತು ವರ್ಷಗಳ ಹಿಂದೆ ತಮ್ಮ ಧರ್ಮಕೇಂದ್ರದ ಸ್ಮರಣ ಸಂಚಿಕೆಗಾಗಿ ಸಿದ್ಧಪಡಿಸಿದ ಸಿ.ಡಿ. ಕಪಾಟಿನಲ್ಲಿ ಉಳಿದಿದೆಯೇ? ಇಂದು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಂಡೀತು. ಹೆದರದಿರಿ, ಕಡತ ಕೆಟ್ಟಿಲ್ಲ.

1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ತರುವಾಯ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದು, ಸಾಮಾನ್ಯರ ಗಣಕಕ್ಕೆ ಕನ್ನಡವನ್ನು ಉಚಿತವಾಗಿ ತಂದವು. ಅಂದಿನ ಉಪಾಯವೆಂದರೆ, ಫಾಂಟಿನೊಳಗೆ ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುವುದು. ನುಡಿಯಲ್ಲಿ ‘ಪಿ’ ಇರಬೇಕಾದೆಡೆ ‘ಕ’ಕಾರದ ಒಡಲು! ಆ ಫಾಂಟನ್ನು ವಿಂಡೋಸಿನ ‘ಫಾಂಟ್ಸ್’ ಫೋಲ್ಡರಿಗೆ ಸೇರಿಸದಿದ್ದರೆ ಒಡಲು ಮಾಯವಾಗಿ ‘ಪಿ’ ಉಳಿಯುತ್ತಿತ್ತು. ಆದ್ದರಿಂದಲೇ ಮುದ್ರಣಾಲಯಕ್ಕೆ ಲೇಖನದೊಡನೆ ಫಾಂಟನ್ನೂ ಫ್ಲಾಪಿಯಲ್ಲಿ ಒಯ್ಯುತ್ತಿದ್ದೆವು.

1991ರಲ್ಲಿ ಬಂದ ಯೂನಿಕೋಡ್ ಕನ್ನಡಾಕ್ಷರಗಳಿಗೆ ಸ್ವಂತ ಸಂಖ್ಯೆಗಳನ್ನು ನೀಡಿತ್ತು, ‘ಕ’ಕಾರದ್ದು 3221. ಆದರೆ ಅದು ಬಳಕೆಗೆ ಇಳಿಯಲು ಕಾಲ ಹಿಡಿಯಿತು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಕನ್ನಡ ಫಾಂಟನ್ನು ತನ್ನೊಡನೆಯೇ ತಂದಿತು. ಯೂನಿಕೋಡಿನಲ್ಲಿ ಬರೆದುದಕ್ಕೆ ಇಂದು ಹೊಸ ಫಾಂಟ್ ಬೇಕಾಗುವುದು ಹೆಚ್ಚಾಗಿ ಅಂದಕ್ಕಾಗಿ. ಹಳೆಯ ಕಡತಕ್ಕೆ ಮಾತ್ರ ಅದರ ಹಳೆಯ ಫಾಂಟೇ ಬೇಕು, ಇಲ್ಲವೇ ಯೂನಿಕೋಡಿಗೆ ಬದಲಾಯಿಸುವ ತಂತ್ರಾಂಶ. ಸಿ.ಡಿ. ಓದುವ ಗಣಕಗಳೂ ವಿರಳವಾಗುತ್ತಿವೆ. ಈ ಕೆಲಸವನ್ನು ಮುಂದೂಡಬೇಡಿ.